ಜಾಲಿಯ ಮರವು ಕಲಿಸಿದ ವಿದ್ಯೆ

ಹಿಂಗಾರಿ ಜೋಳದ ಬಿತ್ತನೆಗೆ ಹೊಲಗಳು ಹದಗೊಳ್ಳುವ ದಿವಸಗಳಲ್ಲಿ ಚಿಕ್ಕೋಡಿ, ರಾಯಬಾಗ ಸೀಮೆಯ ಬದುಗಳ ಮೇಲೆ ನಡೆದು ಬಂದವರ ಧೋತರದ ಅಂಚನ್ನು ನೋಡಬೇಕು. ಉತ್ತರಾಣಿಯ ಕಾಯಿಗಳು ಸಾಲುಸಾಲಾಗಿ ಅದನ್ನು ಕಚ್ಚಿಕೊಂಡಿರುತ್ತವೆ. ಒಕ್ಕಲಿಗನು ಕಟ್ಟೆಯ ಮೇಲೆ ಕುಳಿತು ಅವುಗಳನ್ನು ಒಂದೊಂದಾಗಿ ಕಿತ್ತೊಗೆಯುತ್ತ ಬೇಸರಪಡುವನು. ಮರುದಿನ ಪುನಃ ಅದೇ ಬದುವಿನ ಮೇಲೆ ನಡೆಯುವನು. 1941ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ಜಾರ್ಜ್ ದ ಮೆಸ್ತ್ರಾಲ್ ಎಂಬ ಇಂಜಿನಿಯರನು ಬೇಟೆಯಿಂದ ಮರಳಿದಾಗ ಅವನ ಉಡುಪಿಗೂ ಅವನ ನಾಯಿಯ ಮೈಗೂ ಇಂಥವೇ ಬೇರೊಂದು ಗಿಡದ ಕಾಯಿಗಳು ಅಂಟಿಕೊಂಡಿದ್ದವು. ಅವನು ಅವನ್ನು ಎಸೆಯುವ ಮುಂಚೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದನು. ಪ್ರತಿಯೊಂದು ಮುಳ್ಳಿನ ತುದಿಯೂ ಕೊಕ್ಕೆಯಂತೆ ಬಾಗಿರುವುದು ಕಂಡಿತು. ಮುಂದೆ ಹಲವು ವರ್ಷ ದುಡಿದು, ಒಂದು ಬದಿಗೆ ಕೊಕ್ಕೆ, ಇನ್ನೊಂದು ಬದಿಗೆ ಕುಣಿಕೆಗಳಿರುವ ಪಟ್ಟಿಯನ್ನು ಅವನು ಸಿದ್ಧಪಡಿಸಿದನು. 1955ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ವೆಲ್ಕ್ರೋ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಪಟ್ಟಿಯು ಈಗ ನಮ್ಮ ಹಳ್ಳಿಯ ಶಾಲಾಬಾಲಕರ ಬೂಟುಗಳನ್ನು ಸಹ ಕಟ್ಟುತ್ತದೆ.

ನಿಸರ್ಗವನ್ನು ಗುರುವಾಗಿ ಮಾಡಿಕೊಂಡು ಹೊಸ ವಸ್ತುಗಳನ್ನು ನಿರ್ಮಿಸುವ ಈ ಕ್ರಮಕ್ಕೆ ಪಾಶ್ಚಾತ್ಯರು ಒಂದು ಶಾಸ್ತ್ರದ ಸ್ಥಾನವನ್ನೇ ಕೊಟ್ಟಿರುವರು. 1997ರಲ್ಲಿ ಅಮೇರಿಕದ ಜನೀನ್ ಬೆನ್ಯಸ್ ಎಂಬ ಲೇಖಕಿಯು ಈ ವಿಷಯದ ಮೇಲೆ ಬರೆದ ಗ್ರಂಥದಿಂದ ‘ಬಯೋಮಿಮಿಕ್ರಿ’ ಎಂಬ ಹೆಸರು ಎಲ್ಲೆಡೆಗೂ ಹಬ್ಬಿತು. ಅದೇ ವರ್ಷ ಜರ್ಮನಿಯ ಬಾನ್ ನಗರದ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಬಾರ್ತ್‌ಲಾಟ್ ಎಂಬವರು ತಾವರೆಯ ಎಲೆಗೆ ನೀರಾಗಲಿ ಕೊಳೆಯಾಗಲಿ ಏಕೆ ಅಂಟುವುದಿಲ್ಲವೆಂಬುದನ್ನು ಸಪ್ರಮಾಣವಾಗಿ ಪ್ರಕಟಿಸಿದರು. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಗುಬುಟುಗಳೂ ಅವುಗಳ ಮೇಲೆ ಮೇಣದ ಸೂಕ್ಷ್ಮ ಹರಳುಗಳೂ ಇರುವುದರಿಂದ ನೀರಿನ ಹನಿಯು ತುದಿಗಳ ಮೇಲೆಯೇ ನಿಂತು, ಧೂಳನ್ನು ಹೊತ್ತುಕೊಂಡು ಉರುಳಿ ಹೋಗುತ್ತದೆ. ಈ ತತ್ವದಿಂದ ತಾನಾಗಿಯೇ ಶುದ್ಧವಾಗುವ ಗೋಡೆಯ ಬಣ್ಣಗಳು ತಯಾರಾದವು. ಕಮಲಪತ್ರದ ಮೇಲಿನ ಜಲಬಿಂದುವನ್ನು ನಮ್ಮ ವೇದಾಂತಿಗಳು ಸಾವಿರಾರು ವರ್ಷಗಳಿಂದ ಬಲ್ಲರಷ್ಟೇ. ಉಪಮೆಯು ನಮಗೆ ಉಳಿಯಿತು, ಪೇಟೆಂಟು ಅವರಿಗೆ ಹೋಯಿತು ಎಂದು ನಮ್ಮಲ್ಲಿ ಕೆಲವರು ನಿಟ್ಟುಸಿರು ಬಿಡುವುದುಂಟು.

ಆ ನಿಟ್ಟುಸಿರು ಪೂರ್ತಿಯಾಗಿ ನ್ಯಾಯವಾದುದಲ್ಲವೆಂದು ನಮಗೆ ತೋರುತ್ತದೆ. ನಿಸರ್ಗವನ್ನು ನೋಡಿ ಉಪಮೆ ಕಟ್ಟಿದವರು ನಮ್ಮಲ್ಲಿ ಇದ್ದಂತೆಯೇ, ನಿಸರ್ಗದ ಗುಟ್ಟನ್ನು ಕೈಗಳಿಂದ ಅರಿತು ಅದನ್ನು ವಸ್ತುವಾಗಿ ಪರಿಣಮಿಸಿದವರೂ ಇದ್ದರು. ಅವರು ಊರ ಹೊರಗಿದ್ದರು. ಆದುದರಿಂದ ಅವರು ಬಲ್ಲದ್ದನ್ನು ನಾವು ವಿದ್ಯೆಯೆಂದು ಎಣಿಸಲಿಲ್ಲ, ಇಷ್ಟೇ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ತೊಗಲು ಹದಮಾಡುವವರನ್ನೂ ಕಾಲ್ಮರಿ ಹೊಲಿಯುವವರನ್ನೂ ಕುರಿತು ನಾವು ಈ ಮಾತನ್ನು ಹೇಳುತ್ತಿರುವೆವು. ಜಗತ್ತು ‘ಕೊಲ್ಹಾಪುರಿ’ ಎಂದು ಕರೆಯುವ ಪಾದರಕ್ಷೆಗಳಲ್ಲಿ ಬಹು ದೊಡ್ಡ ಪಾಲು ಕೃಷ್ಣಾ, ದೂಧಗಂಗಾ ತೀರದ ಈ ಊರುಗಳಲ್ಲಿ ಹುಟ್ಟುತ್ತದೆಂಬುದನ್ನು ನಮ್ಮ ನಾಡಿನವರೇ ಎಷ್ಟೋ ಜನರು ಅರಿಯರು.

ಹಸಿಯ ತೊಗಲು ಎರಡು ದಿನ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಸೆಡೆತು ನಿಲ್ಲುತ್ತದೆ. ನೆನೆಸಿದರೆ ಪುನಃ ಕೊಳೆಯಲು ತೊಡಗುತ್ತದೆ. ಇಂಥ ವಸ್ತುವನ್ನು ಬಿಸಿಲು, ಮಳೆ, ಬೆವರು, ಕಲ್ಲು ಇವೆಲ್ಲವನ್ನೂ ತಾಳಿ ವರ್ಷಾನುಗಟ್ಟಲೆ ಬಾಳುವ ಚಕ್ಕಳವಾಗಿ ಮಾರ್ಪಡಿಸುವುದು ಸಾಮಾನ್ಯವಾದ ರಸಾಯನವಲ್ಲ. ಈ ರಸಾಯನದ ಕೀಲಿಕೈಯು ಹೊಲದ ಬದುವಿನ ಕರಿಜಾಲಿಯ ತೊಗಟೆಯಲ್ಲಿಯೂ ಪಡುವಣ ಸಹ್ಯಾದ್ರಿಯ ಕಾಡಿನಿಂದ ಬರುವ ಅಳಲೆಕಾಯಿಯಲ್ಲಿಯೂ ಇದೆ. ಮೂಡಲಿನ ಎರೆಭೂಮಿಯು ಜಾಲಿಯನ್ನು ಕೊಟ್ಟಿತು, ಪಡುವಲಿನ ಘಟ್ಟವು ಅಳಲೆಯನ್ನು ಕೊಟ್ಟಿತು, ಒಕ್ಕಲುತನವು ಎಮ್ಮೆ-ಎತ್ತುಗಳ ತೊಗಲನ್ನು ಕೊಟ್ಟಿತು, ನದಿಗಳು ನೀರನ್ನು ಕೊಟ್ಟವು. ಈ ನಾಲ್ಕೂ ಕೂಡುವ ನಡುನಾಡಿನಲ್ಲಿ ಈ ಕಸಬು ಬೇರೂರಿದುದು ಕೇವಲ ಆಕಸ್ಮಿಕವೆಂದು ನಾವು ತಿಳಿಯಲಾರೆವು. (ಜಾಲಿಯೆಂದೊಡನೆ ವಾಚಕರು ಹಳ್ಳದ ದಂಡೆಗಳನ್ನೆಲ್ಲ ಆಕ್ರಮಿಸಿಕೊಂಡಿರುವ ಬಳ್ಳಾರಿ ಜಾಲಿಯನ್ನು ನೆನೆಯಬಾರದು. ಅದು ಹೊರಗಿನಿಂದ ಬಂದ ಬೇರೆಯೇ ಜಾತಿಯ ಗಿಡ. ರಂಟೆ, ಕುಂಟೆ, ಬಂಡಿಯ ಗಾಲಿಗಳಿಗೆ ನಮ್ಮ ಹಿರಿಯರು ಆರಿಸುತ್ತಿದ್ದುದು ಹಳದಿಯ ಗುಂಡುಹೂವಿನ, ಮಣಿಸರದಂಥ ಕಾಯಿಯ ಕರಿಜಾಲಿ.)

ಈ ತೊಗಟೆಯಲ್ಲಿ ಏನಿದೆ? ಅದನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾದುದಿಲ್ಲ. ಅಳಲೆಕಾಯಿಯ ಒಂದು ಚೂರನ್ನು ಬಾಯಲ್ಲಿಟ್ಟುಕೊಂಡರೆ ಸಾಕು. ನಾಲಿಗೆಯು ಬಿಗಿಯುತ್ತದೆ, ಒಸಡು ಒರಟಾಗುತ್ತದೆ, ಬಾಯೆಲ್ಲ ಒಣಗಿದಂತಾಗುತ್ತದೆ. ಆಯುರ್ವೇದವು ಇದನ್ನು ಕಷಾಯರಸವೆಂದು ಷಡ್ರಸಗಳಲ್ಲಿ ಎಣಿಸಿದೆ. ಮನೆಮಾತಿನಲ್ಲಿ ಇದಕ್ಕೆ ಒಗರು ಎನ್ನುವೆವು. ಈಗಿನ ಶರೀರಶಾಸ್ತ್ರಜ್ಞರಲ್ಲಿ ಹಲವರು ಇದು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶವೆಂದು ಹೇಳುತ್ತಾರೆ, ಮತ್ತು ಅವರು ಕೊಡುವ ಕಾರಣವು ಬಹಳ ಸ್ವಾರಸ್ಯವುಳ್ಳದ್ದು. ತೊಗಟೆ, ಕಾಯಿಗಳಲ್ಲಿರುವ ಟ್ಯಾನಿನ್ ಎಂಬ ದ್ರವ್ಯವು ಸಸಾರಜನಕ ಪದಾರ್ಥಗಳನ್ನು ಕಂಡೊಡನೆ ಅವುಗಳನ್ನು ಹಿಡಿದು ಕಟ್ಟುತ್ತದೆ. ನಮ್ಮ ಜೊಲ್ಲಿನಲ್ಲಿ ಬಾಯನ್ನು ನುಣುಪಾಗಿಡುವ ಸಸಾರಜನಕಗಳಿವೆ. ಟ್ಯಾನಿನ್ ಅವುಗಳನ್ನು ಗಂಟುಗೂಡಿಸಿ ಕೆಳಗಿಳಿಸುತ್ತಲೆ ನುಣುಪು ಹೋಗಿ ನಾಲಿಗೆಯು ತರಕಾಗುತ್ತದೆ. ತೊಗಲೂ ಸಸಾರಜನಕವೇ. ಕೊಲಾಜೆನ್ ಎಂಬ, ಮೂರೆಳೆಗಳನ್ನು ಹುರಿಮಾಡಿದ ಹಗ್ಗದಂಥ ಎಳೆಗಳಿಂದ ಅದು ಹೆಣೆಯಲ್ಪಟ್ಟಿರುತ್ತದೆ. ಟ್ಯಾನಿನ್ ಈ ಹಗ್ಗಗಳ ನಡುವೆ ಸೇರಿಕೊಂಡು ಒಂದನ್ನೊಂದಕ್ಕೆ ಬಿಗಿಯುತ್ತದೆ. ಆಗ ನೀರು ಅವುಗಳನ್ನು ಉಬ್ಬಿಸಲಾರದು, ಕೊಳೆಸುವ ಸೂಕ್ಷ್ಮಜೀವಿಗಳು ಅವುಗಳನ್ನು ಜೀರ್ಣಿಸಲಾರವು. ಎಳೆಯ ಬಾಳೆಕಾಯಿಯನ್ನು ಕಚ್ಚಿದ ಹುಡುಗನ ಬಾಯಲ್ಲಿ ಒಂದು ನಿಮಿಷ ನಡೆಯುವ ಕ್ರಿಯೆಯೇ ಹದದ ಗುಂಡಿಯಲ್ಲಿ ಒಂದು ತಿಂಗಳು ನಡೆಯುತ್ತದೆ.

ಮರವು ಈ ದ್ರವ್ಯವನ್ನು ನಮ್ಮ ಕಾಲ್ಮರಿಗೋಸ್ಕರ ಮಾಡಿಕೊಂಡುದಲ್ಲ. ಓಡಿ ಹೋಗಲಾರದ, ಕೂಗಲಾರದ ಜೀವಿಗೆ ತನ್ನ ಮೈಯನ್ನು ಕಾಪಾಡಿಕೊಳ್ಳಲು ಇರುವ ಉಪಾಯಗಳಲ್ಲಿ ಇದೊಂದು. ತೊಗಟೆಯನ್ನು ಕೊರೆಯುವ ಹುಳಕ್ಕೆ, ಎಲೆಯನ್ನು ಮೇಯುವ ಪ್ರಾಣಿಗೆ, ಗಾಯದೊಳಗೆ ಬೇರಿಳಿಸುವ ಬೂಷ್ಟಿಗೆ ಮರವು ಒಗರನ್ನು ಒಡ್ಡುತ್ತದೆ. ಮೇಯ್ದವರ ಹೊಟ್ಟೆಯಲ್ಲಿ ಟ್ಯಾನಿನ್ ಆಹಾರದ ಸಸಾರಜನಕವನ್ನು ಕಟ್ಟಿಹಾಕಿ ಅದು ಅರಗದಂತೆ ಮಾಡುತ್ತದೆ. ಈ ರೀತಿ ನೂರಾರು ವರ್ಷ ಕೊಳೆಯದೆ ನಿಲ್ಲುವ ವಿದ್ಯೆಯನ್ನು ಮರವು ಸಾಧಿಸಿರುವುದು. ಅಳಿದ ಪಶುವಿನ ಮೈಗೆ ಮರದ ರಕ್ಷೆಯನ್ನು ತೊಡಿಸಬಹುದೆಂದು ಎಂದೋ ಯಾರಿಗೋ ಹೊಳೆಯಿತು. ಪ್ರಾಯಶಃ ತೊಗಟೆ ಬಿದ್ದ ಮಡುವಿನಲ್ಲಿ ನೆನೆದ ತೊಗಲೊಂದು ಕೊಳೆಯದೆ ಉಳಿದುದನ್ನು ಕಂಡು ಹೊಳೆದಿರಬೇಕು. ಕಂಡವರ ಹೆಸರು ಉಳಿದಿಲ್ಲ. ಮೆಸ್ತ್ರಾಲನ ಸೂಕ್ಷ್ಮದರ್ಶಕ ಅವರಲ್ಲಿ ಇರಲಿಲ್ಲ. ಅವನಲ್ಲಿದ್ದ ಕುತೂಹಲವು ಮಾತ್ರ ನಿಶ್ಚಯವಾಗಿಯೂ ಇತ್ತು.

ಹದಮಾಡುವ ಹಳೆಯ ಪದ್ಧತಿಯನ್ನು ತುಸು ವಿಸ್ತಾರವಾಗಿಯೇ ಹೇಳುವುದು ಉಚಿತ. ತೊಗಲನ್ನು ಮೊದಲು ನೀರಿನಲ್ಲಿ ನೆನೆಯಿಸಿ ತೊಳೆದು ಸುಣ್ಣದ ನೀರಿನಲ್ಲಿ ಇಡುತ್ತಾರೆ. ಕೂದಲು ಸಡಿಲಾದ ಬಳಿಕ ಒಂದು ಬದಿಯಿಂದ ಕೂದಲನ್ನೂ ಇನ್ನೊಂದು ಬದಿಯಿಂದ ಮಾಂಸದ ಪೊರೆಯನ್ನೂ ಹೆರೆದು ತೆಗೆದು, ಸುಣ್ಣವು ಹೋಗುವಂತೆ ಪುನಃ ಪುನಃ ತೊಳೆಯುತ್ತಾರೆ. ಅನಂತರ ಜಾಲಿಯ ತೊಗಟೆ, ಅಳಲೆಕಾಯಿಗಳನ್ನು ಕುಟ್ಟಿ ಹಾಕಿದ ನೀರಿನಲ್ಲಿ, ಮೊದಲು ಸಪ್ಪೆಯಾದುದರಲ್ಲಿ, ಬರಬರುತ್ತ ಗಟ್ಟಿಯಾದುದರಲ್ಲಿ ಅದನ್ನು ಹಾಕಿಡುವರು. ಮೊದಲಿಗೇ ಗಟ್ಟಿಯಾದ ರಸವನ್ನು ಹಾಕಿದರೆ ತೊಗಲಿನ ಮೇಲ್ಮೈ ಬಿಗಿದುಕೊಂಡು ಒಳಗೆ ರಸವು ಇಳಿಯದೆ ನಡುವೆ ಹಸಿಯಾಗಿಯೇ ಉಳಿಯುತ್ತದೆ. ಈ ಕ್ರಮದ ಮರ್ಮವು ಇಷ್ಟು. ಕೊನೆಗೆ ಬರುವುದು ಅತ್ಯಂತ ಜಾಣತನದ ಹಂತ. ತೊಗಲಿನ ಅಂಚುಗಳನ್ನು ಹೊಲಿದು ಅದನ್ನೇ ಒಂದು ಚೀಲವಾಗಿ ಮಾಡಿ, ಒಳಗೆ ತೊಗಟೆ-ಕಾಯಿಗಳನ್ನೂ ರಸವನ್ನೂ ತುಂಬಿ, ಕಟ್ಟಿಗೆಯ ಚೌಕಟ್ಟಿಗೆ ತೂಗಹಾಕುತ್ತಾರೆ. ಒಳಗಿನ ರಸವು ತನ್ನ ಭಾರದಿಂದಲೇ ತೊಗಲಿನ ರಂಧ್ರಗಳೊಳಗಿಂದ ಜಿನುಗುತ್ತ ಹೊರಗೆ ಇಳಿಯುತ್ತದೆ. ಇಳಿದುದನ್ನು ಕೆಳಗಿನ ಪಾತ್ರೆಯಿಂದ ಎತ್ತಿ ಪುನಃ ಮೇಲಿನಿಂದ ಹೊಯ್ಯುವರು. ಕೆಲವು ದಿನಗಳ ನಂತರ ಚೀಲವನ್ನು ತಲೆಕೆಳಗಾಗಿ ತೂಗಹಾಕುವರು. ಇಲ್ಲಿ ಹದವಾಗಬೇಕಾದ ವಸ್ತುವೇ ಪಾತ್ರೆ, ಅದೇ ಜರಡಿ. ಭೂಮಿಯ ಸೆಳೆತವೇ ಪಂಪು.

ಎರಡು ಮರಗಳನ್ನು ಕೂಡಿಸುವುದರಲ್ಲಿಯೂ ವಿವೇಕವಿದೆ. ಅಳಲೆಕಾಯಿಯ ರಸವು ಹುಳಿತು ತುಸು ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲವು ಉಳಿದ ಸುಣ್ಣವನ್ನು ಮುರಿದು ತೊಗಲನ್ನು ರಸಕ್ಕೆ ತೆರೆಯುತ್ತದೆ. ಅದರ ಬಣ್ಣವು ತಿಳಿಯಾದುದು. ಜಾಲಿಯ ಟ್ಯಾನಿನ್ ಬೇರೆ ಜಾತಿಯದು. ಅದು ತೊಗಲಿಗೆ ಬಿಗಿಯನ್ನೂ ದಪ್ಪವನ್ನೂ, ಬೆಳಕಿಗೆ ಬಿದ್ದಂತೆ ಕೆಂಪೇರುವ ಕಂದುಬಣ್ಣವನ್ನೂ ಕೊಡುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಸಾಯನಶಾಸ್ತ್ರವು ಈ ಎರಡು ವರ್ಗಗಳನ್ನು ಬೇರ್ಪಡಿಸಿ ಹೆಸರಿಡುವುದಕ್ಕಿಂತ ಎಷ್ಟೋ ಪೂರ್ವದಲ್ಲಿಯೇ ನಮ್ಮ ಹದಗಾರರು ಬೆರಳ ತುದಿಯಿಂದಲೂ ಮೂಗಿನಿಂದಲೂ ಇದನ್ನು ಬೇರ್ಪಡಿಸಿದ್ದರು.

ಪಶ್ಚಿಮದ ಶಾಸ್ತ್ರವು ಈ ಕಡೆಗೆ ನೋಡದೆಯೂ ಇರಲಿಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸಕನಾಗಿದ್ದ ತರುಣ ಹಂಫ್ರಿ ಡೇವಿಯು 1803ರಲ್ಲಿ ಒಗರು ಸಸ್ಯಗಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದನು. ಅವನು ಪರೀಕ್ಷಿಸಿದ ಪದಾರ್ಥಗಳಲ್ಲಿ ಮುಂಬಯಿ ಮತ್ತು ಬಂಗಾಲದಿಂದ ತರಿಸಿದ ಕಾಚು ಒಂದು. ನಾವು ಎಲೆಯಡಿಕೆಗೆ ಹಾಕಿಕೊಳ್ಳುವ ಈ ಕಾಚು ಜಾಲಿಯ ಸಮೀಪಬಂಧುವಾದ ಮರದ ಚೇಗಿನಿಂದ ಬರುವುದು. ಇಂಗ್ಲೆಂಡಿನವರು ಬಳಸುತ್ತಿದ್ದ ಓಕ್ ತೊಗಟೆಗಿಂತ ಇದು ಎಷ್ಟೋ ಪಾಲು ಹೆಚ್ಚು ಬಲವುಳ್ಳದ್ದೆಂದು ಅವನು ಕಂಡನು. ಇಲ್ಲಿ ಊರ ಹೊರಗಿನ ಕಸಬಾಗಿದ್ದುದು ಅಲ್ಲಿ ವಿದ್ವತ್ಸಭೆಯ ಪ್ರಬಂಧವಾಯಿತು.

ನಮ್ಮಲ್ಲಿ ಆ ಗೌರವ ಎಂದೂ ಸಿಗಲಿಲ್ಲವೆಂದರೆ ಅದೂ ಪೂರ್ತಿ ಸತ್ಯವಾಗದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತೊಗಲು ಹದಮಾಡುವ ಡೋಹರ ಕಕ್ಕಯ್ಯನೂ ಕಾಲ್ಮರಿ ಹೊಲಿಯುವ ಸಮಗಾರ ಹರಳಯ್ಯನೂ ಶರಣರ ಸಾಲಿನಲ್ಲಿ ಸಮಾನರಾಗಿ ಕುಳಿತರು. ಬಸವಣ್ಣನವರ ಒಂದು ನಮಸ್ಕಾರದ ಋಣವನ್ನು ತೀರಿಸಲು ಹರಳಯ್ಯ-ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದಲೇ ಪಾದರಕ್ಷೆಗಳನ್ನು ಮಾಡಿದರೆಂಬ ಕಥೆಯನ್ನು ಈ ನಾಡಿನಲ್ಲಿ ಅರಿಯದವರಿಲ್ಲ. ಕಕ್ಕಯ್ಯನ ಸಮಾಧಿಯು ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿದೆ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ವಿವಾಹಕ್ಕೆ ಕಲ್ಯಾಣದ ಅರಸು ಏನು ಶಿಕ್ಷೆ ವಿಧಿಸಿದನೆಂಬುದೂ ಸರ್ವಶ್ರುತವಾಗಿದೆ. ಕಥೆಯನ್ನು ನಾವು ಪುರಾಣವಾಗಿ ಇಟ್ಟುಕೊಂಡೆವು, ಹದಗಾರರ ಓಣಿಯನ್ನು ಇದ್ದಲ್ಲಿಯೇ ಇಟ್ಟೆವು. ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ಸ್ವತಃ ಪಾದರಕ್ಷೆ ಹೊಲಿಯಲು ಕಲಿತರು. ತಾವು ಹೊಲಿದ ಒಂದು ಜೊತೆಯನ್ನು 1914ರಲ್ಲಿ ತಮ್ಮ ಪ್ರತಿಪಕ್ಷಿಯಾದ ಜನರಲ್ ಸ್ಮಟ್ಸ್‌ರಿಗೆ ಕಳುಹಿದರು. ಅವರು ಅದನ್ನು ಅನೇಕ ಬೇಸಿಗೆಗಳಲ್ಲಿ ಮೆಟ್ಟಿ, 1939ರಲ್ಲಿ ಮಹಾತ್ಮರ 70ನೆಯ ಜನ್ಮದಿನಕ್ಕೆ ಹಿಂತಿರುಗಿಸಿದರು. 1934ರಲ್ಲಿ ವರ್ಧೆಯಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕಾರ್ಯಗಳಲ್ಲಿ ಚರ್ಮೋದ್ಯೋಗವೂ ಸೇರಿತ್ತು. ಚಕ್ಕಳವನ್ನು ಮುಟ್ಟಿದ ಕೈಯನ್ನು ಮುಟ್ಟಲೊಲ್ಲದ ದೇಶಕ್ಕೆ ಇದು ಸಣ್ಣ ಪಾಠವೇನಲ್ಲ.

ಈಗ ಕಾಲ್ಮರಿಯನ್ನೇ ಕೈಗೆ ತೆಗೆದುಕೊಂಡು ನೋಡೋಣ. ಇಲಕಲ್ಲಿನ ಮಗ್ಗದಲ್ಲಿ ಹಾಸು-ಹೊಕ್ಕುಗಳೆಂಬ ಎರಡೇ ದಿಕ್ಕುಗಳುಂಟು. ತೊಗಲಿನ ನೇಯ್ಗೆಗೆ ದಿಕ್ಕುಗಳ ಲೆಕ್ಕವಿಲ್ಲ. ಅದರ ಎಳೆಗಳು ಎಲ್ಲ ಕಡೆಗೂ ಹೆಣೆದುಕೊಂಡಿರುವುದರಿಂದ ಅದನ್ನು ಯಾವ ಕಡೆಗೆ ಎಳೆದರೂ ಹರಿಯುವುದಿಲ್ಲ, ಎಲ್ಲಿ ಚುಚ್ಚಿದರೂ ಎಳೆ ಬಿಚ್ಚುವುದಿಲ್ಲ. ಬೆವರಿನ ಹಬೆಯನ್ನು ಹೊರಗೆ ಬಿಡುವ ರಂಧ್ರಗಳು ಅದರಲ್ಲಿ ಹುಟ್ಟಿನಿಂದಲೇ ಇವೆ. ಜಾಲಿಯ ಹದವು ಈ ಹೆಣಿಗೆಯನ್ನು ಕೆಡಿಸದೆ ಹಾಗೆಯೇ ಕಾದಿಡುತ್ತದೆ. ಪಶುವಿನ ಬೆನ್ನಿನ ತೊಗಲು ಬಿಗಿಯಾದುದು, ಹೊಟ್ಟೆಯದು ಸಡಿಲಾದುದು. ರಂಪಿಗೆಯನ್ನು ಹಿಡಿದ ಕುಶಲಕರ್ಮಿಯು ಅಂಗಾಲಿಗೆ ಎಲ್ಲಿಂದ, ಪಟ್ಟಿಗೆ ಎಲ್ಲಿಂದ ಕತ್ತರಿಸಬೇಕೆಂಬುದನ್ನು ಬೆರಳಿನಿಂದ ಒತ್ತಿ ನಿರ್ಣಯಿಸುವನು. ಅಟ್ಟೆಯ ಪದರುಗಳನ್ನು ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿಯುವನು. ಹೆಬ್ಬೆರಳಿಗೆ ಉಂಗುಟ, ಪಾದದ ಇಕ್ಕೆಲಗಳಲ್ಲಿ ಕಿವಿಗಳು, ಮೇಲೆ ಹೆಣೆದ ಜಡೆ. ಹೊಸದಾಗಿ ಮೆಟ್ಟಿದವನಿಗೆ ಅದು ಎಂಟು ದಿನ ಕಚ್ಚುತ್ತದೆ. ಎಣ್ಣೆ ಸವರಿ ನಡೆದಂತೆ ಕಾಲಿನ ಬಿಸಿಗೂ ಭಾರಕ್ಕೂ ಒಗ್ಗಿ, ಅಂಗಾಲಿನ ಪ್ರತಿಯೊಂದು ತಗ್ಗು-ದಿಣ್ಣೆಯನ್ನೂ ತನ್ನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಆ ಬಳಿಕ ಅದು ಇನ್ನೊಬ್ಬರ ಕಾಲಿಗೆ ಸರಿಹೊಂದಲಾರದು. ಸವೆದು ಹೋದಾಗ ಹೊಲದಲ್ಲಿ ಬಿದ್ದರೆ ಮಣ್ಣಿಗೆ ಸೇರುತ್ತದೆ.

ಇಂಥ ಕಸಬಿಗೆ ಗಂಡಾಂತರ ಎಲ್ಲಿಂದ ಬಂದಿತೆಂಬುದನ್ನು ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪ, ಅಮೇರಿಕಗಳಲ್ಲಿ ಕ್ರೋಮಿಯಂ ಲವಣಗಳಿಂದ ತೊಗಲು ಹದಮಾಡುವ ಕ್ರಮವು ಸಿದ್ಧಿಸಿತು. 1884ರಲ್ಲಿ ಅಮೇರಿಕದ ಆಗಸ್ಟಸ್ ಶುಲ್ಟ್ಸ್ ಎಂಬವನು ಅದಕ್ಕೆ ಪೇಟೆಂಟು ಪಡೆದನು. ತಿಂಗಳ ಕೆಲಸವು ಒಂದೆರಡು ದಿನಗಳಲ್ಲಿ ಮುಗಿಯತೊಡಗಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿಯು ಮದರಾಸಿನಲ್ಲಿ ಇದನ್ನು ಬಳಕೆಗೆ ತಂದನು. 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿ ಬಂದವನೂ ಅವನೇ. ಈಗ ಜಗತ್ತಿನ ಚಕ್ಕಳದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಕ್ರೋಮಿಯಂ ಹದದ್ದು. ಅದು ಮೆತ್ತಗಿರುತ್ತದೆ, ನೀರಿಗೆ ಅಂಜುವುದಿಲ್ಲ, ಅಗ್ಗವಾಗಿ ದೊರೆಯುತ್ತದೆ. ಆದರೆ ಅದರ ಕೊಳೆನೀರು ಹರಿದಲ್ಲಿ ಬಾವಿಗಳು ಕೆಟ್ಟವು. ತಮಿಳುನಾಡಿನ ಪಾಲಾರ್ ನದಿಯ ತೀರದ ಹದಗಾರಿಕೆಯ ಕಾರಖಾನೆಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಕೊಟ್ಟ ತೀರ್ಪು ದೇಶದ ಪರಿಸರ ಕಾಯಿದೆಯ ಇತಿಹಾಸದಲ್ಲಿ ಒಂದು ಮೈಲಿಗಲ್ಲಾಗಿದೆ.

ಹಾಗೆಂದು ಹಳೆಯ ಪದ್ಧತಿಯು ಸರ್ವಥಾ ನಿರ್ದೋಷವೆಂದು ನಾವು ವಾದಿಸುವುದಿಲ್ಲ. ಸುಣ್ಣದ ನೀರು, ಕೂದಲು, ಮಾಂಸದ ಚೂರುಗಳು, ಕಪ್ಪಾದ ತೊಗಟೆಯ ರಸ ಇವು ಹಳ್ಳಕ್ಕೆ ಬಿದ್ದರೆ ನೀರಿನ ಪ್ರಾಣವಾಯುವು ಕುಗ್ಗಿ ಮೀನು ಸಾಯುತ್ತದೆ. ದುರ್ವಾಸನೆಯಲ್ಲಿ ಬರಿಗೈಯಿಂದ ದುಡಿಯುವವರ ಚರ್ಮವೂ ಹದಗೊಳ್ಳುತ್ತದೆ. ನಿಸರ್ಗದಿಂದ ಕಲಿತುದೆಲ್ಲ ಸೌಮ್ಯವಾದುದೆಂಬ ಭ್ರಮೆಗೆ ನಿಪ್ಪಾಣಿಯ ತಂಬಾಕಿನ ಹೊಲವೇ ಉತ್ತರ ಹೇಳುತ್ತದೆ. ತಂಬಾಕಿನ ಗಿಡವೂ ಜಾಲಿಯಂತೆ ತನ್ನನ್ನು ತಾನು ಕಾಪಾಡಿಕೊಳ್ಳುವುದು, ಆದರೆ ವಿಷದಿಂದ. ನಿಕೋಟಿನ್ ಅದರ ಬೇರಿನಲ್ಲಿ ತಯಾರಾಗಿ ಎಲೆಗೆ ಏರುತ್ತದೆ. ಹುಳವು ಎಲೆಯನ್ನು ಕಡಿದಾಗ ಇನ್ನೂ ಹೆಚ್ಚು ತಯಾರಾಗುತ್ತದೆ. ಈ ಗುಟ್ಟನ್ನರಿತ ರೈತರು ತಂಬಾಕಿನ ಕಷಾಯವನ್ನು ಬೆಳೆಗೆ ಸಿಂಪಡಿಸಿದರು. ಮುಂದೆ ಕೀಟದ ನರಗಳಲ್ಲಿ ನಿಕೋಟಿನ್ ಹಿಡಿಯುವ ತಾಣವನ್ನೇ ಹಿಡಿಯುವ ಕೃತಕ ಔಷಧಗಳು 1990ರ ದಶಕದಲ್ಲಿ ಪೇಟೆಗೆ ಬಂದವು. ಜೇನುಹುಳಗಳಿಗೆ ಹಾನಿಯೆಂದು ಯುರೋಪಿಯನ್ ಒಕ್ಕೂಟವು 2018ರಲ್ಲಿ ಅವುಗಳಲ್ಲಿ ಮೂರನ್ನು ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಗುರುವು ಒಬ್ಬನೇ, ಶಿಷ್ಯನು ಯಾವ ಪಾಠವನ್ನು ಎಷ್ಟು ಎಚ್ಚರದಿಂದ ಕಲಿಯುತ್ತಾನೆಂಬುದು ಶಿಷ್ಯನಿಗೆ ಬಿಟ್ಟುದು.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿ.ಐ. ಎಂದು ಕರೆಯುವ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸಮಭಾಗಿಗಳು. ಎರಡು ರಾಜ್ಯಗಳ ಚರ್ಮೋದ್ಯೋಗ ನಿಗಮಗಳು ಕೂಡಿಯೇ ಇದನ್ನು ಸಾಧಿಸಿದವೆಂಬುದನ್ನು ಗಡಿಯ ವಾದಗಳ ಗದ್ದಲದಲ್ಲಿ ಮರೆಯಬಾರದು. ಹೆಸರಿನ ಬಗ್ಗೆ ನಾವು ಜಗಳ ಹೂಡುವುದಿಲ್ಲ. ಪೇಟೆ ಎಲ್ಲಿತ್ತೋ ಆ ಊರಿನ ಹೆಸರು ಮಾಲಿಗೆ ಅಂಟಿಕೊಳ್ಳುವುದು ಲೋಕರೂಢಿ. ಆದರೆ 2025ರ ಜೂನಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾದಾ ಎಂಬ ಪ್ರಸಿದ್ಧ ಸಂಸ್ಥೆಯು ಇದೇ ಉಂಗುಟ, ಇದೇ ಪಟ್ಟಿಗಳ ಪಾದರಕ್ಷೆಯನ್ನು ಕೇವಲ ‘ಚರ್ಮದ ಪಾದರಕ್ಷೆ’ಯೆಂದು ಪ್ರದರ್ಶಿಸಿದಾಗ ಯಾವ ಊರಿನ ಹೆಸರೂ ಅದಕ್ಕಿರಲಿಲ್ಲ. ದೇಶದಲ್ಲಿ ಕೂಗೆದ್ದ ಬಳಿಕ ಆ ಸಂಸ್ಥೆಯು ಅದರ ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ನಿಗಮಗಳೊಡನೆ ಒಡಂಬಡಿಕೆ ಮಾಡಿಕೊಂಡು, ಇಲ್ಲಿಯೇ ಸುಮಾರು 2,000 ಜೊತೆಗಳನ್ನು ಮಾಡಿಸುವೆವೆಂದು ಸಾರಿತು. ಒಂದು ಜೊತೆಗೆ ಅವರು ಹೇಳಿದ ಬೆಲೆ ಸುಮಾರು 800 ಯೂರೋ. ಅಥಣಿಯ ಓಣಿಯಲ್ಲಿ ಅಂಥದೇ ಜೊತೆಯನ್ನು ಹೊಲಿದವನಿಗೆ ಸಿಗುವ ಕೂಲಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವ ಶ್ರಮವನ್ನು ವಾಚಕರಿಗೇ ಬಿಡುವೆವು.

ಆಕೃತಿಯನ್ನು ಕದ್ದರೆ ಅದು ಕಣ್ಣಿಗೆ ಕಾಣುತ್ತದೆ, ಕೂಗಾದರೂ ಏಳುತ್ತದೆ. ಹದವು ಅಳಿದರೆ ಕೂಗೇಳುವುದಿಲ್ಲ. ನಮ್ಮ ನಿಜವಾದ ಚಿಂತೆ ಇದು. ಅಥಣಿಯಲ್ಲಿ 1990ರ ದಶಕದ ಕೊನೆಯಿಂದ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳನ್ನು ಕಟ್ಟಿ, ‘ಟೋಹೋಲ್ಡ್’ ಎಂಬ ಹೆಸರಿನಿಂದ ಕಾಲ್ಮರಿಗಳನ್ನು ಹೊರದೇಶಗಳಿಗೆ ಕಳುಹಿಸಿದ ಸ್ತುತ್ಯವಾದ ಪ್ರಯತ್ನವು ನಡೆಯಿತು. ಹೆಣಿಗೆ, ಕಸೂತಿಗಳಲ್ಲಿ ಹೆಂಗಸರ ದುಡಿಮೆಯು ಎಂದಿನಿಂದಲೂ ಇತ್ತು. ಅದರ ಲೆಕ್ಕವು ಅವರ ಕೈಗೆ ಬಂದುದು ಆಗ. ಆದರೆ ಹೊಲಿಗೆಯು ಉಳಿದರೂ ಹದವು ಕೈಬಿಡುತ್ತಿದೆ. ಹೊಲಿಯುವವರಲ್ಲಿ ಅನೇಕರು ಈಗ ಹದವಾದ ಚಕ್ಕಳವನ್ನು ಹೊರಗಿನಿಂದಲೇ ಕೊಂಡು ತರುತ್ತಾರೆ. ಹದಗಾರರ ಮಕ್ಕಳು ಆ ವಾಸನೆಯನ್ನೂ ಅದರೊಡನೆ ಬರುವ ಹೆಸರನ್ನೂ ತೊರೆದು ಪಟ್ಟಣಗಳಿಗೆ ಹೋಗುತ್ತಿರುವರು. ಅವರನ್ನು ದೂರುವ ಅಧಿಕಾರವು ನಮ್ಮಲ್ಲಿ ಯಾರಿಗೂ ಇಲ್ಲ. 2015ರಲ್ಲಿ ಮಹಾರಾಷ್ಟ್ರದಲ್ಲಿಯೂ 2020ರಲ್ಲಿ ಕರ್ನಾಟಕದಲ್ಲಿಯೂ ಬಂದ ಜಾನುವಾರು ಕಾಯಿದೆಗಳ ತರುವಾಯ ತೊಗಲು ಸಿಗುವುದೇ ಕಷ್ಟವಾಗಿದೆಯೆಂಬುದು ಕಸಬಿನವರ ಅಳಲು. ನೀರಾವರಿಯ ಕಬ್ಬು ಬದುವಿನ ಅಂಚಿನವರೆಗೂ ಬಂದಲ್ಲಿ ಜಾಲಿಗೆ ನಿಲ್ಲಲು ನೆಲವಿಲ್ಲ.

ಅಳಿದರೆ ಏನು ಹೋದೀತೆಂದು ಕೇಳುವವರಿಗೆ ಒಂದು ಸಂಗತಿಯನ್ನು ತಿಳಿಸಬೇಕು. ಅಳಲೆಕಾಯಿಯ ರಸಕ್ಕೆ ಅನ್ನಭೇದಿಯನ್ನು ಕೂಡಿಸಿದರೆ ಕಪ್ಪು ಹುಟ್ಟುವುದೆಂಬುದು ಹಳೆಯ ಲೆಕ್ಕಿಗರೆಲ್ಲರಿಗೂ ಗೊತ್ತಿತ್ತು. ನಮ್ಮ ಕಡತಗಳ ಶಾಯಿಗೂ ಚಕ್ಕಳದ ಕಪ್ಪಿಗೂ ಇದೇ ಮೂಲ. ಟ್ಯಾನಿನ್ನೂ ಕಬ್ಬಿಣವೂ ಕೂಡಿ ಯಾವ ಮೈಯನ್ನಾದರೂ ಕ್ಷಣಮಾತ್ರದಲ್ಲಿ ಅತಿ ತೆಳುವಾದ ಪೊರೆಯಾಗಿ ಹೊದೆಯುತ್ತವೆಂಬುದನ್ನು 2013ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದ ಶಾಸ್ತ್ರಜ್ಞರು ತೋರಿಸಿದರು. ಔಷಧಿಯನ್ನು ಇಂಥ ಪೊರೆಯಲ್ಲಿ ಸುತ್ತಿ ಶರೀರದಲ್ಲಿ ಬೇಕಾದಲ್ಲಿಗೆ ಒಯ್ಯಬಹುದೇ ಎಂಬ ಶೋಧವು ಅಲ್ಲಿಂದ ಬೆಳೆಯಿತು. ಹಳತೆಂದು ನಾವು ಬಿಸಾಡಿದ ದೌತಿಯಲ್ಲಿ ಅವರು ಹೊಸ ಶಾಸ್ತ್ರವನ್ನು ಕಂಡರು. ಜಾಲಿ, ಅಳಲೆಗಳ ಹದದಲ್ಲಿ ಇನ್ನೇನು ಅಡಗಿದೆಯೆಂಬುದನ್ನು ಬಲ್ಲವರು ಯಾರು? ಬಲ್ಲವರ ಕೈಗಳು ಮುದಿಯಾಗುತ್ತಿವೆ.

ಮಾಡತಕ್ಕ ಕೆಲಸವು ಅಸಾಧ್ಯವಾದುದೇನಲ್ಲ. ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯು 1948ರಿಂದ ಮದರಾಸಿನಲ್ಲಿ ನಡೆಯುತ್ತ ಬಂದಿದೆ. ಅಲ್ಲಿಯ ಶಾಸ್ತ್ರಜ್ಞರು ಅಥಣಿಯ ಹಿರಿಯ ಹದಗಾರರ ಪಕ್ಕದಲ್ಲಿ ಒಂದು ಪೂರ್ತಿ ಹದದ ಅವಧಿಯವರೆಗೆ ಕುಳಿತು, ಯಾವ ದಿನ ಯಾವ ರಸ, ಯಾವ ವಾಸನೆಗೆ ಯಾವ ಬದಲಾವಣೆ ಎಂಬುದನ್ನು ಅವರ ಮಾತಿನಲ್ಲಿಯೇ, ಕನ್ನಡದಲ್ಲಿಯೇ ಬರೆದುಕೊಳ್ಳಲಿ. ಬರೆದುದರ ಮೇಲೆ ಅವರ ಹೆಸರೂ ಇರಲಿ. ಕೊಳೆನೀರನ್ನು ಶುದ್ಧಿಗೊಳಿಸುವ ಏರ್ಪಾಡುಳ್ಳ ಒಂದು ಸಾಮುದಾಯಿಕ ಹದದ ಮನೆಯನ್ನು ಈ ಐದು ತಾಲೂಕುಗಳ ನಡುವೆ ಸರಕಾರವು ಕಟ್ಟಿಸಲಿ. ಕೈಚೀಲ, ಕೈಗವುಸು, ತೂಗುವ ಚೌಕಟ್ಟಿಗೆ ಒಂದು ರಾಟೆ ಇವುಗಳಿಗೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ.

ಜಾಲಿಯ ಕೆಲಸವನ್ನಂತೂ ಯಾರ ಮಂಜೂರಾತಿಗೂ ಕಾಯದೆ ಪ್ರಾರಂಭಿಸಬಹುದು. ಅದರ ಬೀಜದ ತೊಗಟೆಯು ಗಡುಸಾದುದರಿಂದ ನೇರವಾಗಿ ಬಿತ್ತಿದರೆ ಬಹಳಷ್ಟು ಮೊಳೆಯುವುದಿಲ್ಲ. ಆಡುಗಳು ಕಾಯಿಯನ್ನು ತಿಂದು ಬಿಸಾಡಿದ ಬೀಜವು ಮಾತ್ರ ಬೇಗ ಮೊಳೆಯುತ್ತದೆಂಬುದನ್ನು ಕುರಿಗಾರರು ಬಲ್ಲರು. ಹಟ್ಟಿಯಲ್ಲಿ ಬಿದ್ದ ಅಂಥ ಬೀಜಗಳನ್ನು ಆರಿಸಿ ಮೃಗಶಿರಾ ಮಳೆಗೆ ಬದುವಿನಲ್ಲಿ ಊರುವುದು ಹಳೆಯ ರೂಢಿ. ಹೀಗೆ ಊರಿದ ಗಿಡವು ನೆಲಕ್ಕೆ ಸಾರಜನಕವನ್ನು ಕೊಡುತ್ತ ಬೆಳೆದು, ಹತ್ತು-ಹದಿನೈದು ವರ್ಷಗಳಲ್ಲಿ ತೊಗಟೆಗೆ ಬರುತ್ತದೆ. ಈಗ ಅಥಣಿಯ ಪ್ರಾಥಮಿಕ ಶಾಲೆಯಲ್ಲಿ ವೆಲ್ಕ್ರೋ ಪಟ್ಟಿಯ ಬೂಟು ಮೆಟ್ಟಿ ಕುಳಿತಿರುವ ಹದಗಾರರ ಮನೆಯ ಹುಡುಗನು ಅಷ್ಟರಲ್ಲಿ ಪದವೀಧರನಾಗಿರುವನು.